ಎಂಡೊಮೆಟ್ರಿಯೋಸಿಸ್: ಡಾಕ್ಟರ ಬಳಿ ಹೋಗುವ ಮುನ್ನ ಮುಂಬಯಿಯ ನಮ್ಮ ಹೆಣ್ಣುಮಕ್ಕಳು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ವೈದ್ಯೆಯಲ್ಲ. ಹದಿನೇಳನೆಯ ವಯಸ್ಸಿನಿಂದ ಈ ನೋವನ್ನು ಹೊತ್ತು ಬಂದವಳು. ಅದಕ್ಕೊಂದು ಹೆಸರಿದೆ ಎಂದು ತಿಳಿದಾಗ ನನಗೆ ಮೂವತ್ತೊಂದು. ಕುಂದಾಪುರದಿಂದ ಮದುವೆಯಾಗಿ ಡೊಂಬಿವಲಿಗೆ ಬಂದೆ, ಫೋರ್ಟ್‌ನ ಒಂದು ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ನನ್ನ ಆಪರೇಷನ್ ಆದ ಮೇಲೆ ಕಟ್ಟಡದವರು, ಊರಿನ ಕಡೆಯವರು, ಲೋಕಲ್ ರೈಲಿನ ಗೆಳತಿಯರು ಫೋನ್ ಮಾಡಿ ವಿಚಾರಿಸತೊಡಗಿದರು. ಕೆಲವರ ಜೊತೆ ಆಸ್ಪತ್ರೆಗೂ ಹೋಗಿ ಕುಳಿತಿದ್ದೇನೆ. ಅವರೆಲ್ಲ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಯಾವ ಔಷಧಿ, ಎಷ್ಟು ದಿನ ಎಂಬುದನ್ನು ನಿಮ್ಮ ಡಾಕ್ಟರೇ ಹೇಳಬೇಕು. ಅವರೆದುರು ಕುಳಿತಾಗ ನಿಮ್ಮ ಮಾತು ಪೂರ್ತಿ ಅವರ ಕಿವಿಗೆ ಬೀಳಬೇಕು ಎಂಬುದಕ್ಕಾಗಿ ಈ ಬರಹ.

ಈ ಕಾಯಿಲೆ ಎಂದರೆ ನಿಜಕ್ಕೂ ಏನು?

ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುತ್ತದೆ. ಅಂಡಾಶಯದ ಮೇಲೆ, ಗರ್ಭನಾಳದ ಸುತ್ತ, ಹೊಟ್ಟೆಯ ಒಳಪೊರೆಯಲ್ಲಿ, ಕೆಲವರಿಗೆ ಕರುಳು ಮತ್ತು ಮೂತ್ರಕೋಶದ ಮೇಲೆಯೂ. ತಿಂಗಳ ಹಾರ್ಮೋನಿನ ಏರಿಳಿತಕ್ಕೆ ಅದೂ ಸ್ಪಂದಿಸುತ್ತದೆ. ಉರಿಯೂತವಾಗುತ್ತದೆ, ಗಾಯದ ಕಲೆಯಂತೆ ಗಟ್ಟಿಯಾಗುತ್ತದೆ, ಪಕ್ಕದ ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಂಡಾಶಯದಲ್ಲಿ ಹಳೆಯ ರಕ್ತ ತುಂಬಿ ಚೀಲದಂತಾದರೆ ಅದನ್ನು 'ಚಾಕೊಲೇಟ್ ಸಿಸ್ಟ್' ಎನ್ನುತ್ತಾರೆ. ಆ ರಕ್ತದ ಬಣ್ಣದಿಂದ ಬಂದ ಹೆಸರು ಅದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಮುಟ್ಟಾಗುವ ವಯಸ್ಸಿನವರಲ್ಲಿ ಸುಮಾರು ಶೇ. 10ರಷ್ಟು, ಎಂದರೆ ಜಗತ್ತಿನಲ್ಲಿ ಸುಮಾರು 19 ಕೋಟಿ ಮಂದಿಗೆ ಇದು ಇದೆ. ಇದು ಕ್ಯಾನ್ಸರ್ ಅಲ್ಲ, ಅಂಟುರೋಗವೂ ಅಲ್ಲ. ನೀವು ತಿಂದದ್ದರಿಂದಲೋ ಮಾಡಿದ್ದರಿಂದಲೋ ಬಂದದ್ದಂತೂ ಅಲ್ಲ.

ಮುಟ್ಟಿನ ನೋವು ಎಲ್ಲರಿಗೂ ಇರುತ್ತದೆ ಎನ್ನುತ್ತಾರೆ. ಡಾಕ್ಟರ ಬಳಿ ಹೋಗುವಷ್ಟು ನೋವು ಯಾವುದು?

ನನ್ನ ಅಮ್ಮನೂ ಇದನ್ನೇ ಹೇಳುತ್ತಿದ್ದರು. ಅವರು ಸುಳ್ಳು ಹೇಳಿದ್ದಲ್ಲ. ಅವರಿಗೂ ಯಾರೂ ಬೇರೆ ಹೇಳಿರಲಿಲ್ಲ.

ನೋವು ಎಷ್ಟಿದೆ ಎಂದು ಅಳೆಯುವ ಮೊದಲು, ಅದು ನಿಮ್ಮ ದಿನದಿಂದ ಏನನ್ನು ಕಿತ್ತುಕೊಂಡಿತು ಎಂದು ನೋಡಿ. ಶಾಲೆ, ಕಾಲೇಜು, ಕೆಲಸ ತಪ್ಪುತ್ತಿದೆಯೇ? ಮಾತ್ರೆ ನುಂಗಿದರೂ ಏಳಲಾಗುತ್ತಿಲ್ಲವೇ? ಮುಟ್ಟು ಶುರುವಾಗುವ ಎರಡು ಮೂರು ದಿನ ಮೊದಲೇ ನೋವು ಬಂದು, ಮುಗಿದ ಮೇಲೂ ಉಳಿಯುತ್ತಿದೆಯೇ? ಆ ದಿನಗಳಲ್ಲಿ ಶೌಚಕ್ಕೆ ಕುಳಿತಾಗ, ಮೂತ್ರ ಮಾಡುವಾಗ ನೋವೇ? ಗಂಡನ ಜೊತೆ ಸೇರುವಾಗ ಒಳಗೆ ಆಳದಲ್ಲಿ ನೋಯುತ್ತದೆಯೇ? ವಿಪರೀತ ಆಯಾಸವೇ? ಮಗುವಿಗಾಗಿ ಪ್ರಯತ್ನಿಸಿಯೂ ನಿಲ್ಲುತ್ತಿಲ್ಲವೇ? ಇವುಗಳಲ್ಲಿ ಒಂದಿದ್ದರೂ ಹೋಗಿ. ಹದಿನಾಲ್ಕು ಹದಿನೈದರ ಹುಡುಗಿಯರಿಗೂ ಇದು ಬರುತ್ತದೆ. ಮಗಳು ಪ್ರತಿ ತಿಂಗಳು ಶಾಲೆ ತಪ್ಪಿಸುತ್ತಿದ್ದರೆ ಅದನ್ನು ನೆಪ ಎಂದುಕೊಳ್ಳಬೇಡಿ.

ಹೋಗುವ ಮುಂಚೆ ಏನು ಬರೆದಿಟ್ಟುಕೊಳ್ಳಬೇಕು?

ಇಡೀ ತಯಾರಿಯಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ಇದೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲ ಸಲ ನಾನು ಡಾಕ್ಟರ ಬಳಿ ಹೋದಾಗ ಹೇಳಿದ್ದು ಎರಡೇ ಮಾತು: ಹೊಟ್ಟೆನೋವು, ತುಂಬಾ. ಗ್ಯಾಸಿನ ಮಾತ್ರೆ ಸಿಕ್ಕಿತು. ಇನ್ನೊಬ್ಬರು 'ಮಗುವಾದರೆ ಸರಿಹೋಗುತ್ತದೆ' ಎಂದರು. ಕೊನೆಗೆ ಒಬ್ಬ ವೈದ್ಯೆಯ ಮುಂದೆ ಒಂದು ಹಾಳೆ ಇಟ್ಟೆ. ಅದರಲ್ಲಿ ಒಂದು ಸಾಲು ಹೀಗಿತ್ತು: '11ನೇ ತಾರೀಕು. ಬೆಳಗ್ಗೆ ದಾದರ್‌ನಲ್ಲಿ ಇಳಿದು ಬೆಂಚಿನ ಮೇಲೆ ಕುಳಿತೆ. ನಿಲ್ಲಲು ಆಗಲಿಲ್ಲ. ನಾಲ್ಕು ರೈಲು ಹೋದವು.' ಅವರು ಬರೆಯುವುದನ್ನು ನಿಲ್ಲಿಸಿ, 'ಇದು ಪ್ರತಿ ತಿಂಗಳೂ ಹೀಗೆಯೇ?' ಎಂದು ಕೇಳಿದರು. ಹದಿನಾಲ್ಕು ವರ್ಷದಲ್ಲಿ ಆ ಪ್ರಶ್ನೆ ಕೇಳಿದ ಮೊದಲ ಡಾಕ್ಟರು ಅವರು.

ಆದ್ದರಿಂದ 'ತುಂಬಾ ನೋವು' ಎಂದು ಬರೆಯಬೇಡಿ. ನಡೆದದ್ದನ್ನು ಬರೆಯಿರಿ. ಕುಕ್ಕರ್ ಇಳಿಸಲು ಬಗ್ಗಲಾಗಲಿಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಬಚ್ಚಲಲ್ಲಿ ಕುಳಿತೆ. ಮಗುವನ್ನು ಶಾಲೆಗೆ ಬಿಡಲು ಪಕ್ಕದ ಮನೆಯವರನ್ನು ಕೇಳಿದೆ. ಇಂಥವು.

ನಮ್ಮ ಮನೆಗಳಲ್ಲಿ ಇದಕ್ಕೆ ಬೇಕಾದ ಪುಸ್ತಕ ಈಗಾಗಲೇ ಗೋಡೆಯ ಮೇಲೆ ಇದೆ. ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ ಬರೆಯುವ ಕ್ಯಾಲೆಂಡರ್. ನನ್ನದರಲ್ಲಿ ಹಾಲಿನ ಲೆಕ್ಕದ ಕೆಳಗೆ ಕೆಂಪು ಪೆನ್ನಿನ ಚುಕ್ಕೆ ಇರುತ್ತಿತ್ತು: ಮುಟ್ಟಿನ ದಿನಕ್ಕೆ ಒಂದು ಚುಕ್ಕೆ, ಅದರ ಪಕ್ಕ ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ, 'ಮಾ 2' ಎಂದರೆ ಎರಡು ಮಾತ್ರೆ. ನೋಡುವವರಿಗೆ ಅದೂ ಹಾಲಿನ ಲೆಕ್ಕದಂತೆಯೇ ಕಾಣುತ್ತಿತ್ತು. ಮೊಬೈಲಿನಲ್ಲಿ ಬರೆಯುವವರು ಹಾಗೆಯೇ ಮಾಡಿ, ಎಲ್ಲಿ ಬರೆದರೂ ಸರಿ. ಎರಡು ಮೂರು ತಿಂಗಳಿನದು ಇದ್ದರೆ ಒಳ್ಳೆಯದು. ಅಷ್ಟು ಇಲ್ಲವೆಂದು ಅಪಾಯಿಂಟ್‌ಮೆಂಟ್ ಮುಂದೂಡಬೇಡಿ. ಕಳೆದ ತಿಂಗಳದ್ದನ್ನು ನೆನಪಿನಿಂದ ಬರೆದರೂ ಸಾಕು.

ಅದರಲ್ಲಿ ಇರಬೇಕಾದವು: ಮುಟ್ಟು ಶುರುವಾದ ಮತ್ತು ನಿಂತ ತಾರೀಕು, ನೋವು ಎಲ್ಲಿ, ಎಷ್ಟು ಹೊತ್ತು, ದಿನಕ್ಕೆ ಎಷ್ಟು ಪ್ಯಾಡ್, ಹೆಪ್ಪುಗಟ್ಟಿದ ರಕ್ತ ಹೋಗುತ್ತದೆಯೇ, ಯಾವ ಮಾತ್ರೆ, ಎಷ್ಟು, ಇಳಿಯಿತೇ, ಮಲ ಮೂತ್ರದ ತೊಂದರೆ, ತಪ್ಪಿಹೋದ ಕೆಲಸದ ದಿನಗಳು. ಮುಟ್ಟಿಲ್ಲದ ದಿನಗಳಲ್ಲಿ ನೋವು ಬಂದರೆ ಅದನ್ನೂ ಬರೆಯಿರಿ. ಅದನ್ನು ಅನೇಕರು ಮರೆಯುತ್ತಾರೆ.

ಕುಟುಂಬದವರ ಬಗ್ಗೆ ಕೇಳುತ್ತಾರೆಯೇ?

ಕೇಳುತ್ತಾರೆ. ತಾಯಿಗೋ ಅಕ್ಕತಂಗಿಯರಿಗೋ ಇದ್ದರೆ ನಿಮಗೂ ಬರುವ ಸಾಧ್ಯತೆ ಹೆಚ್ಚು. ತೊಂದರೆಯೆಂದರೆ, ನಮ್ಮ ಹಿಂದಿನ ತಲೆಮಾರಿನವರಿಗೆ ಯಾರೂ ಈ ಹೆಸರು ಹೇಳಿಲ್ಲ. 'ದೊಡ್ಡಮ್ಮನಿಗೆ ಗರ್ಭಕೋಶ ತೆಗೆದರಂತೆ' ಎಂಬಷ್ಟೇ ಮನೆಯಲ್ಲಿ ಉಳಿದಿರುತ್ತದೆ. ಊರಿಗೆ ಫೋನ್ ಮಾಡಿ ಯಾಕೆ ತೆಗೆದರು, ಆಗ ಎಷ್ಟು ವಯಸ್ಸು, ಅದಕ್ಕೂ ಮೊದಲು ಹೇಗಿದ್ದರು ಎಂದು ಕೇಳಿ. ನನ್ನ ಚಿಕ್ಕಮ್ಮ ಆ ಫೋನಿನಲ್ಲಿ ಮುಕ್ಕಾಲು ಗಂಟೆ ಮಾತಾಡಿದರು.

ಡಾಕ್ಟರಿಗೆ ಕನ್ನಡ ಬರುವುದಿಲ್ಲ, ನನ್ನ ಮರಾಠಿ ಅಷ್ಟಕ್ಕಷ್ಟೆ. ಹೇಗೆ ಹೇಳಲಿ?

ಇದು ಮುಂಬಯಿಯ ನಮ್ಮವರ ನಿಜವಾದ ಕಷ್ಟ. ತರಕಾರಿ ಕೊಳ್ಳುವ ಮರಾಠಿ ಎಲ್ಲರಿಗೂ ಬರುತ್ತದೆ; ಒಳಗಿನ ನೋವನ್ನು ಹೇಳುವ ಮರಾಠಿ ಬರುವುದಿಲ್ಲ. ಕೆಲವು ಪದಗಳನ್ನು ಕಲಿತುಕೊಂಡರೆ ಬಹಳ ಅನುಕೂಲ.

'ಪಾಳಿ' ಎಂದರೆ ನಮಗೆ ಕಾರ್ಖಾನೆಯ ಸರದಿ. ಇಲ್ಲಿ ಮುಟ್ಟಿಗೂ ಅದೇ ಮಾತು. 'ಪಾಳಿ ಕಧೀ ಆಲೀ?' ಎಂದರೆ ಮುಟ್ಟು ಯಾವಾಗ ಆಯಿತು ಎಂದು. ಊರಿನಿಂದ ಹೊಸದಾಗಿ ಬಂದ ನನ್ನ ನಾದಿನಿ ಈ ಪ್ರಶ್ನೆಗೆ ಗಂಡನ ರಾತ್ರಿ ಪಾಳಿಯ ಸಮಯ ಹೇಳಿದ್ದಳು. ಕಿಬ್ಬೊಟ್ಟೆಗೆ 'ಓಟಿಪೋಟ್', ಹಿಂದಿಯಲ್ಲಿ 'ಪೇಡೂ'. ಬರೀ 'ಪೋಟ್' ಎಂದರೆ ಇಡೀ ಹೊಟ್ಟೆ, ಆಗ ಗ್ಯಾಸಿನ ಮಾತ್ರೆಯೇ ಗತಿ. ಸೊಂಟಕ್ಕೆ 'ಕಂಬರ್'. ಗರ್ಭಕೋಶಕ್ಕೆ 'ಪಿಶವಿ'. ರಕ್ತ ಅಥವಾ ಬಿಳಿ ಹೋಗುವುದಕ್ಕೆ 'ಅಂಗಾವರೂನ್ ಜಾಣೆ'.

ನೋವಿನ ಬಗೆಗೆ ನಮ್ಮ ಭಾಷೆಯಲ್ಲಿ ಎಷ್ಟು ಒಳ್ಳೆಯ ಮಾತುಗಳಿವೆ! ಹಿಂಡಿದಂತೆ, ಸೆಳೆದಂತೆ, ಚುಚ್ಚಿದಂತೆ, ಉರಿ, ಕೊರೆತ, ಸೊಂಟದಿಂದ ತೊಡೆಗೆ ಇಳಿಯುವ ಎಳೆತ. ಇವು ಡಾಕ್ಟರಿಗೆ ನಿಜವಾಗಿ ಬೇಕಾದ ಸುಳಿವುಗಳು. ತೊಡೆಗೆ ಇಳಿಯುವ ನೋವು ಬೇರೆ, ಶೌಚದ ಹೊತ್ತಿನ ಚುಚ್ಚು ಬೇರೆ. ಮರಾಠಿಯಲ್ಲಿ ಇದ್ದಕ್ಕಿದ್ದಂತೆ ಬರುವ ಸೆಳೆತಕ್ಕೆ 'ಕಳ', ಉರಿಗೆ 'ಜಳಜಳ', ಕರುಳು ಹಿಂಡಿದಂತಾದರೆ 'ಮುರಡಾ'. ಇಷ್ಟೂ ಬಾಯಿಗೆ ಬಾರದಿದ್ದರೆ ಒಂದು ಹಾಳೆಯಲ್ಲಿ ಮೈಯ ಚಿತ್ರ ಗೀಚಿ, ನೋಯುವಲ್ಲಿ ಗುರುತು ಹಾಕಿಕೊಂಡು ಹೋಗಿ. ಅದಕ್ಕೆ ಯಾವ ಭಾಷೆಯೂ ಬೇಡ.

ಐದು ಹತ್ತು ನಿಮಿಷವೇ ಸಿಗುವುದು. ಮೊದಲು ಏನು ಹೇಳಲಿ?

ನಿಮ್ಮನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದನ್ನು ಮೊದಲು ಹೇಳಿ. ಕೊನೆಯಲ್ಲಿ ಹೇಳೋಣ ಎಂದು ಇಟ್ಟುಕೊಂಡದ್ದು ಬಾಗಿಲ ಬಳಿ ನಿಂತು ಹೇಳುವ ಮಾತಾಗುತ್ತದೆ. ನಾನು ಹೀಗೆ ಶುರು ಮಾಡಿದ್ದೆ: 'ಹದಿನಾಲ್ಕು ವರ್ಷದಿಂದ ನೋವು. ತಿಂಗಳಿಗೆ ಮೂರು ದಿನ ಕೆಲಸಕ್ಕೆ ಹೋಗಲು ಆಗುತ್ತಿಲ್ಲ. ಎಂಡೊಮೆಟ್ರಿಯೋಸಿಸ್ ಇರಬಹುದೇ ಎಂದು ತಿಳಿಯಬೇಕು.' ಕಾಯಿಲೆಯ ಹೆಸರನ್ನು ನೀವೇ ಎತ್ತಿದರೆ ಡಾಕ್ಟರಿಗೆ ಅವಮಾನವಾಗುವುದಿಲ್ಲ. ಪ್ರಶ್ನೆಗಳು ಮೂರು ಇರಲಿ. ಅವನ್ನು ಕಾಗದದ ಮೇಲೇ ಬರೆದಿಡಿ, ನೋಡಿಕೊಂಡೇ ಓದಿ.

ಇನ್ನೊಂದು ಮಾತು. ನಾವು ಹೆಂಗಸರು 'ಹೇಗಿದ್ದೀರಿ' ಎಂದರೆ 'ಚೆನ್ನಾಗಿದ್ದೇನೆ' ಎಂದುಬಿಡುತ್ತೇವೆ, ಡಾಕ್ಟರ ಎದುರಿಗೂ. ನೋವು ಎಂಟು ಇದ್ದರೆ ಎಂಟು ಎಂದೇ ಹೇಳಿ. ಅವರಿಗೆ ಬೇಸರವಾಗದಿರಲಿ ಎಂದು ಅದನ್ನು ಐದಕ್ಕೆ ಇಳಿಸಬೇಡಿ.

ಗಂಡನ ಜೊತೆ ಸೇರುವಾಗಿನ ನೋವು, ಶೌಚದ ನೋವು ಇವನ್ನೆಲ್ಲ ಹೇಳಲೇಬೇಕೇ? ನಾಚಿಕೆಯಾಗುತ್ತದೆ.

ಹೇಳಲೇಬೇಕು. ಗರ್ಭಕೋಶದ ಹಿಂದೆ, ಕರುಳಿನ ಹತ್ತಿರ ಕಾಯಿಲೆ ಆಳಕ್ಕೆ ಇಳಿದಿದೆಯೇ ಎಂಬುದರ ಸುಳಿವು ಇವೆರಡರಲ್ಲೇ ಇರುತ್ತದೆ. ಇದನ್ನು ಕೇಳಿದರೆ ಡಾಕ್ಟರು ಯಾವ ಸ್ಕ್ಯಾನ್ ಮಾಡಿಸಬೇಕು, ಎಲ್ಲಿ ಹುಡುಕಬೇಕು ಎಂದು ಬೇರೆಯಾಗಿ ಯೋಚಿಸುತ್ತಾರೆ. ಅತ್ತೆಯವರೋ ಅಣ್ಣನೋ ಜೊತೆಗೆ ಬಂದಿದ್ದರೆ, 'ಐದು ನಿಮಿಷ ಒಬ್ಬಳೇ ಮಾತಾಡಬೇಕು' ಎಂದು ಕೇಳಿ. ಅವರನ್ನು ಹೊರಗೆ ಕೂರಿಸುವುದು ಡಾಕ್ಟರಿಗೆ ಹೊಸದಲ್ಲ. ಬಾಯಿಂದ ಹೊರಡದಿದ್ದರೆ ಹಾಳೆಯಲ್ಲಿ ಬರೆದು ಮುಂದಿಡಿ. ನಾನು ಹಾಗೆಯೇ ಮಾಡಿದೆ.

ಆ ದಿನವೇ ಮುಟ್ಟಾದರೆ?

ಹೋಗಿ. ಮಾತಾಡಲು, ಹೊಟ್ಟೆ ಮುಟ್ಟಿ ನೋಡಲು ಅಡ್ಡಿಯಿಲ್ಲ. ಗರ್ಭಕೋಶದ ಬಾಯಿಯ ಜೀವಕೋಶ ತೆಗೆದು ನೋಡುವ ಪ್ಯಾಪ್ ಪರೀಕ್ಷೆಯಂಥದ್ದನ್ನು ಮಾತ್ರ ಮುಂದೆ ಹಾಕಬಹುದು. ಮೊದಲೇ ಫೋನ್ ಮಾಡಿ ಕೇಳಿಕೊಂಡರೆ ಇನ್ನೂ ಒಳ್ಳೆಯದು.

ಮದುವೆಯಾಗಿಲ್ಲ. ಒಳಗಿನ ಪರೀಕ್ಷೆ ಮಾಡುತ್ತಾರೆಯೇ?

ನಿಮ್ಮ ಒಪ್ಪಿಗೆಯಿಲ್ಲದೆ ಮಾಡುವಂತಿಲ್ಲ. ಮದುವೆಯಾದವರಿಗೂ ಇದೇ ಮಾತು. ಏನು ಮಾಡುತ್ತೀರಿ, ಯಾಕೆ, ಬೇರೆ ದಾರಿ ಇದೆಯೇ ಎಂದು ಕೇಳಿ. ಬೇಡವೆನಿಸಿದರೆ ಬೇಡ ಎನ್ನಿ. ಮಧ್ಯದಲ್ಲಿ ನಿಲ್ಲಿಸಿ ಎಂದೂ ಹೇಳಬಹುದು. ಪುರುಷ ವೈದ್ಯರು ಪರೀಕ್ಷಿಸುವಾಗ ಹೆಣ್ಣು ಸಿಬ್ಬಂದಿ ಜೊತೆಗಿರಬೇಕೆಂದು ಕೇಳುವುದು ರೋಗಿಯ ಹಕ್ಕು.

ಡಾಕ್ಟರು 'ಸಂಬಂಧ ಇದೆಯೇ' ಎಂದು ಕೇಳಿದರೆ ಅದು ಶೀಲದ ವಿಚಾರಣೆಯಲ್ಲ. ಯೋನಿಯ ಮೂಲಕ ಸ್ಕ್ಯಾನ್ ಮಾಡಬಹುದೇ ಎಂದು ತಿಳಿಯಲು, ಗರ್ಭದ ಸಾಧ್ಯತೆ ಇದೆಯೇ ಎಂದು ತಿಳಿಯಲು ಕೇಳುತ್ತಾರೆ. ಒಳಗಿನ ಸ್ಕ್ಯಾನ್ ಆಗದಿದ್ದರೆ ಹೊಟ್ಟೆಯ ಮೇಲಿನಿಂದ ಮಾಡುತ್ತಾರೆ, ಅಗತ್ಯವಿದ್ದರೆ ಎಂಆರ್‌ಐ ಹೇಳುತ್ತಾರೆ. ಹಿಂದೆ ಯಾರಾದರೂ ನಿಮ್ಮ ಮೈಮೇಲೆ ಬಲಾತ್ಕಾರ ಮಾಡಿದ್ದರೆ, ಅಥವಾ ಇಂಥ ಪರೀಕ್ಷೆಯಲ್ಲಿ ಕೆಟ್ಟ ಅನುಭವವಾಗಿದ್ದರೆ, 'ನನಗೆ ಇದು ಕಷ್ಟ, ನಿಧಾನವಾಗಿ ಮಾಡಿ' ಎಂದಷ್ಟು ಹೇಳಿದರೂ ಸಾಕು. ಕಾರಣ ಬಿಡಿಸಿ ಹೇಳಬೇಕಾಗಿಲ್ಲ.

ಸ್ಕ್ಯಾನಿಗೆ ಹೋಗುವಾಗ ಏನು ಗಮನಿಸಬೇಕು?

ಹೊಟ್ಟೆಯ ಮೇಲಿನಿಂದ ಮಾಡುವ ಸೋನೋಗ್ರಫಿಗೆ ಮೂತ್ರಕೋಶ ತುಂಬಿರಬೇಕು. ಒಳಗಿನದಕ್ಕೆ ಖಾಲಿ ಇರಬೇಕು. ಯಾವುದು ಎಂದು ಮೊದಲೇ ಕೇಳಿ. ಮನೆಯಿಂದಲೇ ಒಂದು ಲೀಟರ್ ನೀರು ಕುಡಿದು ಡೊಂಬಿವಲಿಯಿಂದ ಲೋಕಲ್ ಹತ್ತಬೇಡಿ. ಬಾಟಲಿ ಜೊತೆಗಿರಲಿ, ಅಲ್ಲಿಗೆ ಮುಟ್ಟಿದ ಮೇಲೆ ಕುಡಿಯಿರಿ.

ನನ್ನ ಸೋನೋಗ್ರಫಿ 'ನಾರ್ಮಲ್' ಎಂದು ಬಂದಿದೆ. ಹಾಗಾದರೆ ಕಾಯಿಲೆ ಇಲ್ಲವೇ?

ಹಾಗೆನ್ನಲಾಗದು. ಚಾಕೊಲೇಟ್ ಸಿಸ್ಟ್ ಸ್ಕ್ಯಾನಿನಲ್ಲಿ ಚೆನ್ನಾಗಿ ಕಾಣುತ್ತದೆ. ಆಳಕ್ಕೆ ಇಳಿದ ಗಂಟುಗಳು ಅನುಭವಿ ಕೈಗೆ ಸಿಗುತ್ತವೆ. ಹೊಟ್ಟೆಯ ಒಳಪೊರೆಯ ಮೇಲಿನ ಸಣ್ಣ ಚುಕ್ಕೆಗಳು ಮಾತ್ರ ಸೋನೋಗ್ರಫಿಯಲ್ಲೂ ಎಂಆರ್‌ಐಯಲ್ಲೂ ತಪ್ಪಿಸಿಕೊಳ್ಳುತ್ತವೆ. ಸಿಎ-125 ಎಂಬ ರಕ್ತಪರೀಕ್ಷೆಯನ್ನು ನಂಬಿಯೂ ಇದೆ ಅಥವಾ ಇಲ್ಲ ಎಂದು ತೀರ್ಮಾನಿಸುವಂತಿಲ್ಲ.

ಹಿಂದೆಲ್ಲ ಲ್ಯಾಪರೋಸ್ಕೋಪಿ, ಎಂದರೆ ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸುವ ಆಪರೇಷನ್, ಮಾಡಿ ಕಣ್ಣಾರೆ ಕಂಡರೆ ಮಾತ್ರ ಖಚಿತ ಎನ್ನುತ್ತಿದ್ದರು. ಯುರೋಪಿನ ತಜ್ಞರ ಸಂಘ 'ಎಶ್ರೆ' 2022ರಲ್ಲಿ ಹೊರಡಿಸಿದ ಮಾರ್ಗದರ್ಶಿ ಆ ಪಟ್ಟು ಸಡಿಲಿಸಿತು. ಲಕ್ಷಣಗಳನ್ನು ನೋಡಿ ಔಷಧಿ ಶುರು ಮಾಡಬಹುದು; ಸ್ಕ್ಯಾನಿನಲ್ಲಿ ಏನೂ ಕಾಣದಿದ್ದಾಗ ಅಥವಾ ಔಷಧಿ ಹೊಂದದಿದ್ದಾಗ ಲ್ಯಾಪರೋಸ್ಕೋಪಿ ಎಂದು ಅದು ಹೇಳುತ್ತದೆ. ಆದ್ದರಿಂದ ನೀವು ಕೇಳಬೇಕಾದದ್ದು: 'ಸ್ಕ್ಯಾನ್ ಸರಿಯಿದೆ, ಆದರೂ ನೋವಿದೆ. ಮುಂದಿನ ಹೆಜ್ಜೆ ಯಾವುದು?' ಜೊತೆಗೆ ಅಡಿನೋಮಯೋಸಿಸ್ ಇದೆಯೇ ಎಂದೂ ಕೇಳಿ. ಗರ್ಭಕೋಶದ ಗೋಡೆಯೊಳಗೇ ಈ ಅಂಗಾಂಶ ಸೇರಿಕೊಳ್ಳುವುದು ಅದು. ಎರಡೂ ಒಟ್ಟಿಗಿರುವುದು ಸಾಮಾನ್ಯ.

ಪರೇಲ್, ಸಯನ್ ಕಡೆಯ ದೊಡ್ಡ ಆಸ್ಪತ್ರೆಯೋ, ಖಾಸಗಿಯೋ?

ಕೈಯಲ್ಲಿರುವ ಹಣ ನೋಡಿ. ಮಹಾನಗರಪಾಲಿಕೆಯ ಕೆಇಎಂ, ಸಯನ್, ನಾಯರ್ ಮೂರೂ ಬೋಧನಾ ಆಸ್ಪತ್ರೆಗಳು, ಮೂರರಲ್ಲೂ ಸ್ತ್ರೀರೋಗ ವಿಭಾಗವಿದೆ. ಬೆಳಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಬೇಕು, ಕಾಯಬೇಕು. ಪ್ರತಿ ಸಲ ಅದೇ ಡಾಕ್ಟರು ಸಿಗುತ್ತಾರೆಂಬ ಭರವಸೆಯಿಲ್ಲ. ಅದಕ್ಕೇ ಅಲ್ಲಿಗೆ ಹೋಗುವವರಿಗೆ ಆ ಒಂದು ಹಾಳೆ ಇನ್ನೂ ಮುಖ್ಯ: ಹೊಸ ಡಾಕ್ಟರು ಅದನ್ನು ಒಂದು ನಿಮಿಷದಲ್ಲಿ ಓದಿಕೊಳ್ಳುತ್ತಾರೆ. ಮೊದಲ ಬಾರಿ ಹೋದಾಗಲೇ ನಿಮ್ಮ ಯೂನಿಟ್, ಎಂದರೆ ನಿಮ್ಮನ್ನು ನೋಡುವ ಡಾಕ್ಟರರ ತಂಡ, ವಾರದ ಯಾವ ದಿನ ಓಪಿಡಿಯಲ್ಲಿರುತ್ತದೆ ಎಂದು ಕೇಳಿಟ್ಟುಕೊಳ್ಳಿ. ಆಪರೇಷನ್ ಮಾತು ಬಂದರೆ ಸರಕಾರಿ ಯೋಜನೆಯಲ್ಲಿ ಸೇರುತ್ತದೆಯೇ ಎಂದು ಆ ಯೋಜನೆಯ ಬಗ್ಗೆ ನೆರವಾಗಲು ಅಲ್ಲಿರುವ ಆರೋಗ್ಯಮಿತ್ರರನ್ನು ವಿಚಾರಿಸಿ; ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ. ಖಾಸಗಿಯಲ್ಲಾದರೆ, ಈ ಕಾಯಿಲೆಗೆ ಲ್ಯಾಪರೋಸ್ಕೋಪಿ ಎಷ್ಟು ಮಾಡಿದ್ದೀರಿ ಎಂದು ನೇರವಾಗಿ ಕೇಳುವುದು ತಪ್ಪಲ್ಲ.

ವಿಮೆ ಇದ್ದವರು ಪಾಲಿಸಿಯ ಸಣ್ಣಕ್ಷರ ಓದಿ. ಗರ್ಭಕೋಶ, ಅಂಡಾಶಯದ ತೊಂದರೆಗಳಿಗೆ ಎರಡು ವರ್ಷದ ಕಾಯುವ ಅವಧಿ ಇಟ್ಟಿರುವ ಪಾಲಿಸಿಗಳು ಅನೇಕ.

ಯಾವ ಕಾಗದಪತ್ರ ಒಯ್ಯಬೇಕು?

ಹಳೆಯ ಚೀಟಿ, ಸ್ಕ್ಯಾನಿನ ರಿಪೋರ್ಟು ಮತ್ತು ಫಿಲ್ಮು, ರಕ್ತಪರೀಕ್ಷೆ, ಹಿಂದೆ ಆಪರೇಷನ್ ಆಗಿದ್ದರೆ ಡಿಸ್ಚಾರ್ಜ್ ಕಾರ್ಡು ಮತ್ತು ಬಯಾಪ್ಸಿ ರಿಪೋರ್ಟು. ಹಳೆಯದು ಕೆಳಗೆ, ಹೊಸದು ಮೇಲೆ. ಹಿಂದಿನ ಆಸ್ಪತ್ರೆಯವರು ದಾಖಲೆ ಕೊಡದಿದ್ದರೆ ಬರವಣಿಗೆಯಲ್ಲಿ ಕೇಳಿ. ಕೇಳಿದ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯರ ನಡತೆಯ 2002ರ ನಿಯಮಗಳಲ್ಲಿದೆ. ನುಂಗುತ್ತಿರುವ ಮಾತ್ರೆಗಳ ಖಾಲಿ ಸ್ಟ್ರಿಪ್‌ಗಳನ್ನೇ ಚೀಲಕ್ಕೆ ಹಾಕಿಕೊಂಡು ಹೋಗಿ. ಆಯುರ್ವೇದದ್ದು, ಹೋಮಿಯೋಪತಿಯದ್ದು, ಥೈರಾಯ್ಡಿನದ್ದು, ಎಲ್ಲವೂ.

ಮೆಡಿಕಲ್‌ನಲ್ಲಿ ಸಿಗುವ ನೋವಿನ ಮಾತ್ರೆಯಿಂದಲೇ ಸಾಗಿಸುತ್ತಿದ್ದೇನೆ. ತಪ್ಪೇ?

ಮೆಫೆನಾಮಿಕ್ ಆಸಿಡ್, ಐಬುಪ್ರೊಫೇನ್, ನ್ಯಾಪ್ರೊಕ್ಸೇನ್ ಜಾತಿಯ ಮಾತ್ರೆಗಳನ್ನು ಡಾಕ್ಟರೂ ಕೊಡುತ್ತಾರೆ. ನೋವು ಏರುವ ಮೊದಲೇ, ಊಟದ ನಂತರ, ಹೇಳಿದ ಪ್ರಮಾಣದಲ್ಲಿ ತೆಗೆದುಕೊಂಡರೆ ಹೆಚ್ಚು ಕೆಲಸ ಮಾಡುತ್ತವೆ. ಖಾಲಿ ಹೊಟ್ಟೆಯಲ್ಲಿ ನುಂಗಿ, ಇಳಿಯಲಿಲ್ಲವೆಂದು ಮತ್ತೆರಡು ನುಂಗುವುದರಿಂದ ಹೊಟ್ಟೆ ಹುಣ್ಣು, ಮೂತ್ರಪಿಂಡದ ತೊಂದರೆ ಬರಬಹುದು. ಆಸ್ತಮಾ ಇದ್ದವರು ಹೇಳಲೇಬೇಕು. ಮೆಫೆನಾಮಿಕ್ ಆಸಿಡ್‌ನಿಂದ ಅಪರೂಪಕ್ಕೆ ಮೈಯೆಲ್ಲ ದದ್ದು, ಜ್ವರದ ತೀವ್ರ ಅಲರ್ಜಿ ಬರಬಹುದೆಂದು ಭಾರತೀಯ ಔಷಧಕೋಶ ಆಯೋಗ 2023ರ ಕೊನೆಯಲ್ಲಿ ಎಚ್ಚರಿಸಿದೆ. ತಿಂಗಳಿಗೆ ಎಷ್ಟು ಮಾತ್ರೆ ಎಂದು ಡಾಕ್ಟರಿಗೆ ನಿಜ ಹೇಳಿ. ನನ್ನದು ಒಂದು ತಿಂಗಳಲ್ಲಿ ಇಪ್ಪತ್ತೆರಡಕ್ಕೆ ಹೋಗಿತ್ತು. ಆ ಸಂಖ್ಯೆಯನ್ನು ಕಾಗದದ ಮೇಲೆ ಕಂಡಾಗ ನನಗೇ ಗಾಬರಿಯಾಯಿತು.

ಹಾರ್ಮೋನಿನ ಮಾತ್ರೆ ಕೊಡುತ್ತಾರಂತೆ. ಭಯವಾಗುತ್ತದೆ. ಏನು ಕೇಳಲಿ?

ಭಯಪಡುವುದಕ್ಕಿಂತ ಕೇಳುವುದು ಒಳ್ಳೆಯದು. ಈ ಔಷಧಿಗಳು ಕಾಯಿಲೆಯನ್ನು ಬೇರುಸಹಿತ ಕೀಳುವುದಿಲ್ಲ, ಅದನ್ನು ಅಡಗಿಸಿಡುತ್ತವೆ; ನಿಲ್ಲಿಸಿದರೆ ನೋವು ಮರಳಬಹುದು. ಇದನ್ನು ಮೊದಲೇ ತಿಳಿದಿದ್ದರೆ 'ಔಷಧಿ ಸುಳ್ಳಾಯಿತು' ಎಂಬ ನಿರಾಸೆ ಆಗುವುದಿಲ್ಲ.

ಗರ್ಭನಿರೋಧಕ ಮಾತ್ರೆಗಳನ್ನು ಕೊಡಬಹುದು. ರಕ್ತ ಹೆಪ್ಪುಗಟ್ಟುವ ತೊಂದರೆ, ಅಧಿಕ ರಕ್ತದೊತ್ತಡ, ಕಣ್ಣ ಮುಂದೆ ಬೆಳಕಿನ ಗೆರೆ ಕುಣಿದು ಬರುವ ಅರೆತಲೆನೋವು ಇದ್ದವರಿಗೆ ಈಸ್ಟ್ರೋಜನ್ ಇರುವ ಮಾತ್ರೆ ಆಗುವುದಿಲ್ಲ, ಹಾಗಾಗಿ ಇದ್ದರೆ ಹೇಳಿ. ಡೈನೋಜೆಸ್ಟ್ ಎಂಬ ಇನ್ನೊಂದು ಹಾರ್ಮೋನಿನ ಮಾತ್ರೆಯನ್ನು ದಿನಕ್ಕೆ 2 ಮಿಲಿಗ್ರಾಂ ಕೊಡುವುದು ರೂಢಿ. ಮೊದಲ ತಿಂಗಳುಗಳಲ್ಲಿ ಲೆಕ್ಕವಿಲ್ಲದೆ ಸ್ವಲ್ಪ ಸ್ವಲ್ಪ ರಕ್ತ ಹೋಗುತ್ತದೆ, ಬಹುಮಂದಿಗೆ ಆಮೇಲೆ ಕಡಿಮೆಯಾಗುತ್ತದೆ. ಇದನ್ನು ಯಾರೂ ಮುಂಚೆ ಹೇಳದ ಕಾರಣ ನನ್ನ ಗೆಳತಿಯೊಬ್ಬಳು ಮೂರನೆಯ ವಾರಕ್ಕೆ ನಿಲ್ಲಿಸಿಬಿಟ್ಟಳು. ಮನಸ್ಸು ಕುಗ್ಗುವುದೂ ಕೆಲವರಿಗೆ ಉಂಟು. ಹಿಂದೆ ಖಿನ್ನತೆ ಇದ್ದವರು ಹೇಳಬೇಕು. ಡೈನೋಜೆಸ್ಟನ್ನು ಗರ್ಭನಿರೋಧಕವೆಂದು ನಂಬಿಕೊಳ್ಳಬಾರದು.

ಗರ್ಭಕೋಶದೊಳಗೆ ಇಡುವ ಹಾರ್ಮೋನಿನ ಸಾಧನವೂ ಇದೆ, ಒಮ್ಮೆ ಇಟ್ಟರೆ ಹಲವು ವರ್ಷ. ಇಡುವಾಗ ನೋವಾಗಬಹುದು, ನೋವಿಗೆ ಏನು ಕೊಡುತ್ತೀರಿ ಎಂದು ಮುಂಚೆಯೇ ಕೇಳಿ. ಲ್ಯುಪ್ರೊಲೈಡ್‌ನಂಥ ಚುಚ್ಚುಮದ್ದು ಮುಟ್ಟನ್ನೇ ನಿಲ್ಲಿಸಿ ಮೈ ಬಿಸಿಯೇರುವಿಕೆ, ಮೂಳೆ ಸವೆತ ತರಬಲ್ಲದು. ಎಷ್ಟು ತಿಂಗಳು, ಮೂಳೆಗೆ ಏನು ರಕ್ಷಣೆ, ಇವೆರಡನ್ನು ಕೇಳದೆ ಒಪ್ಪಬೇಡಿ.

ಆಪರೇಷನ್ ಎಂದರೆ?

ಅವಸರ ಬೇಡ, ಎರಡನೆಯ ಅಭಿಪ್ರಾಯ ಪಡೆಯಿರಿ. ನಾನು ಕೇಳಿದ ಪ್ರಶ್ನೆಗಳನ್ನು ಹಾಗೆಯೇ ಕೊಡುತ್ತೇನೆ. ಗಂಟುಗಳನ್ನು ಕತ್ತರಿಸಿ ತೆಗೆಯುತ್ತೀರೋ, ಸುಡುತ್ತೀರೋ? ಕರುಳಿಗೆ ಅಂಟಿದ್ದರೆ ಕರುಳಿನ ಸರ್ಜನ್ ಜೊತೆಗಿರುತ್ತಾರೆಯೇ? ಅಂಡಾಶಯದ ಸಿಸ್ಟ್ ತೆಗೆದರೆ ಅಂಡಾಣುಗಳು ಕಡಿಮೆಯಾಗುತ್ತವೆಯೇ, ಮೊದಲು ಅಂಡಾಣುಗಳು ಎಷ್ಟು ಉಳಿದಿವೆ ಎಂದು ಅಂದಾಜಿಸುವ ಎಎಂಎಚ್ ರಕ್ತಪರೀಕ್ಷೆ ಮಾಡಿಸಬೇಕೇ? ನಾನು ಮಂಪರಿನಲ್ಲಿದ್ದಾಗ ಏನನ್ನು ನನ್ನ ಒಪ್ಪಿಗೆಯಿಲ್ಲದೆ ತೆಗೆಯಬಾರದು ಎಂದು ಎಲ್ಲಿ ಬರೆಯುತ್ತೀರಿ? ನಂತರ ಮರುಕಳಿಸದಿರಲು ಔಷಧಿ ಬೇಕೇ? ಕೊನೆಯದಕ್ಕೆ ಹೌದು ಎಂಬ ಉತ್ತರ ಬಂದಿತು, ಅದು ಸಾಮಾನ್ಯ.

ಕಾಯಿಲೆಯನ್ನು 1ರಿಂದ 4ರವರೆಗೆ ಹಂತಗಳಾಗಿ ಗುರುತಿಸುತ್ತಾರೆ. ಹಂತಕ್ಕೂ ನೋವಿಗೂ ನೇರ ಸಂಬಂಧವಿಲ್ಲ. ಒಂದನೆಯ ಹಂತದವಳು ನೆಲಕ್ಕೆ ಬಿದ್ದು ಹೊರಳಬಹುದು, ನಾಲ್ಕನೆಯ ಹಂತದವಳಿಗೆ ಮಗುವಿಗಾಗಿ ಪರೀಕ್ಷಿಸಿದಾಗಲೇ ಗೊತ್ತಾಗಬಹುದು. ಗರ್ಭಕೋಶ ತೆಗೆದುಬಿಡಿ ಎಂಬ ಸಲಹೆ ಬೇಗ ಬಂದರೆ ನಿಂತು ಕೇಳಿ: ಹೊರಗಿನ ಅಂಗಾಂಶ ಉಳಿದರೆ ನೋವೂ ಉಳಿಯಬಹುದು.

ಮದುವೆಯಾದರೆ, ಮಗುವಾದರೆ ಸರಿಹೋಗುತ್ತದೆಯೇ?

ಇಲ್ಲ. ಬಸಿರಿನಲ್ಲಿ ಮುಟ್ಟು ನಿಲ್ಲುವುದರಿಂದ ಕೆಲವರಿಗೆ ಹಾಯೆನಿಸಬಹುದು, ಅದು ಚಿಕಿತ್ಸೆಯಲ್ಲ. ನೋವು ಹೋಗಲೆಂದು ಮಗು ಹೆರುವುದು ನಿಮಗೂ ಮಗುವಿಗೂ ನ್ಯಾಯವಲ್ಲ.

ಮಗು ಬೇಕೆನ್ನುವವರು ಅದನ್ನು ಮೊದಲ ಭೇಟಿಯಲ್ಲೇ ಹೇಳಿ, ಏಕೆಂದರೆ ಹಾರ್ಮೋನಿನ ಚಿಕಿತ್ಸೆ ನಡೆಯುವಾಗ ಸಾಮಾನ್ಯವಾಗಿ ಗರ್ಭ ನಿಲ್ಲುವುದಿಲ್ಲ, ದಾರಿಯೇ ಬೇರೆಯಾಗುತ್ತದೆ. ಈ ಕಾಯಿಲೆ ಇದ್ದೂ ಸಹಜವಾಗಿ ಬಸಿರಾದವರು ಬಹಳ ಮಂದಿ ಇದ್ದಾರೆ. ಪರೀಕ್ಷೆ ನಿಮ್ಮೊಬ್ಬರದೇ ಆಗಬಾರದು, ಗಂಡನದೂ ಆಗಬೇಕು. ಈಗಲೇ ಬೇಡ ಎನ್ನುವವರೂ ಹಾಗೆಂದು ಹೇಳಿ. ಅದನ್ನು ತೀರ್ಮಾನಿಸುವುದು ನೀವಿಬ್ಬರು, ಇಡೀ ಕುಟುಂಬವಲ್ಲ.

ಮೆಂತ್ಯ, ಎಳ್ಳು, ಕಷಾಯ, ಯೋಗ?

ಬಿಸಿನೀರಿನ ಚೀಲ ನಿಜವಾಗಿ ಹಾಯೆನಿಸುತ್ತದೆ. ನಡಿಗೆ, ಯೋಗ, ಕಿಬ್ಬೊಟ್ಟೆಯ ತಳದ ಸ್ನಾಯುಗಳಿಗೆ ಮಾಡಿಸುವ ಪೆಲ್ವಿಕ್ ಫಿಸಿಯೋಥೆರಪಿ ಕೆಲವರಿಗೆ ಒಗ್ಗುತ್ತವೆ. ಅಮ್ಮನ ಕೈಯ ಜೀರಿಗೆ ಕಷಾಯವನ್ನು ನಾನು ಇಂದಿಗೂ ಕುಡಿಯುತ್ತೇನೆ. ಇವುಗಳಿಂದ ಗಂಟು ಕರಗುತ್ತದೆ ಎಂದು ಹೇಳಿ ಹಣ ಕೇಳುವವರಿಂದ ಮಾತ್ರ ದೂರವಿರಿ.

ಜೊತೆಗೆ ಯಾರನ್ನು ಕರೆದೊಯ್ಯಲಿ?

ನಿಮ್ಮ ನೋವನ್ನು ಕಣ್ಣಾರೆ ಕಂಡವರನ್ನು. ನಮ್ಮ ಯಜಮಾನರು ಆ ದಿನ ಒಂದೇ ಮಾತು ಹೇಳಿದರು: 'ರಾತ್ರಿ ಇವಳು ತಲೆದಿಂಬು ಕಚ್ಚಿಕೊಂಡಿರುತ್ತಾಳೆ, ನನಗೆ ಕೇಳಬಾರದೆಂದು.' ಅವರಿಗೆ ಅದು ಗೊತ್ತಿತ್ತು ಎಂದು ನನಗೆ ಗೊತ್ತಾದದ್ದು ಆಗ. ಡಾಕ್ಟರು ಹೇಳಿದ್ದನ್ನು ಬರೆದುಕೊಳ್ಳುವ ಕೆಲಸವನ್ನೂ ಜೊತೆಗೆ ಬಂದವರಿಗೇ ಕೊಡಿ.

ಡಾಕ್ಟರು ನಂಬದಿದ್ದರೆ?

ಜಗಳ ಬೇಡ. 'ಇದು ಎಂಡೊಮೆಟ್ರಿಯೋಸಿಸ್ ಅಲ್ಲ ಎಂದು ಹೇಗೆ ತೀರ್ಮಾನಿಸಿದಿರಿ? ದಯವಿಟ್ಟು ಚೀಟಿಯಲ್ಲಿ ಬರೆದುಕೊಡಿ' ಎಂದು ಕೇಳಿ. ಹಾಗೆ ಕೇಳಿದ ಮೇಲೆ ಎಷ್ಟೋ ಸಲ ಮಾತು ಮುಂದುವರಿಯುತ್ತದೆ. ಆಗದಿದ್ದರೆ ಬೇರೆ ಡಾಕ್ಟರು. ಆ ದಿನ ಮನೆಗೆ ಬಂದು ಅತ್ತರೆ ಅಳಿ, ಮರುದಿನ ಇನ್ನೊಂದು ಕಡೆ ಅಪಾಯಿಂಟ್‌ಮೆಂಟ್ ಮಾಡಿ.

ಅಪಾಯಿಂಟ್‌ಮೆಂಟಿಗೆ ಕಾಯದೆ ಓಡಬೇಕಾದದ್ದು ಯಾವಾಗ?

ಇದ್ದಕ್ಕಿದ್ದಂತೆ ಹಿಂದೆಂದೂ ಇಲ್ಲದಂಥ ನೋವು, ನೋವಿನ ಜೊತೆ ಜ್ವರ ಅಥವಾ ನಿಲ್ಲದ ವಾಂತಿ, ತಲೆ ತಿರುಗಿ ಬೀಳುವುದು, ಗಂಟೆಗೊಂದು ಪ್ಯಾಡ್ ತೊಯ್ದುಹೋಗುವಷ್ಟು ರಕ್ತ, ಮುಟ್ಟು ತಪ್ಪಿದ ಮೇಲೆ ಒಂದೇ ಬದಿಯ ಕಿಬ್ಬೊಟ್ಟೆಯಲ್ಲಿ ನೋವು. ಸಿಸ್ಟ್ ಒಡೆದಿರಬಹುದು, ಅಂಡಾಶಯ ತಿರುಚಿಕೊಂಡಿರಬಹುದು, ಗರ್ಭ ನಾಳದಲ್ಲಿ ನಿಂತಿರಬಹುದು. 108ಕ್ಕೆ ಕರೆ ಮಾಡಿ, ಹತ್ತಿರದ ತುರ್ತು ವಿಭಾಗಕ್ಕೆ ಹೋಗಿ.

ಔಷಧಿ ಶುರುವಾದ ಮೇಲೆ ಬರೆಯುವುದನ್ನು ನಿಲ್ಲಿಸಬಹುದೇ?

ಇಲ್ಲ, ಈಗಲೇ ಅದು ಹೆಚ್ಚು ಬೇಕು. ಚೀಟಿ ಹಿಡಿದು ಹೊರಡುವ ಮುನ್ನ ಕೇಳಿ: ಇದು ಕೆಲಸ ಮಾಡುತ್ತಿದೆ ಎಂದು ಎಷ್ಟು ದಿನದಲ್ಲಿ ತಿಳಿಯುತ್ತದೆ, ಏನಾದರೆ ನಿಲ್ಲಿಸಬೇಕು, ಮತ್ತೆ ಯಾವಾಗ ಬರಬೇಕು. ಮಾತ್ರೆ ಶುರುವಾದ ದಿನಕ್ಕೆ ಕ್ಯಾಲೆಂಡರಿನಲ್ಲಿ ಒಂದು ಗೆರೆ ಎಳೆಯಿರಿ. ನೋವಿನ ಅಂಕಿಯ ಜೊತೆ ನಿದ್ದೆ, ಮನಸ್ಸು, ರಕ್ತ ಕಂಡ ದಿನ ಇವನ್ನೂ ಸೇರಿಸಿ. ನನ್ನ ಕ್ಯಾಲೆಂಡರಿನಲ್ಲಿ ಆ ಗೆರೆಯ ಮೊದಲಿನ ತಿಂಗಳು ಎಂಟು, ಒಂಬತ್ತು, ಎಂಟು. ಗೆರೆಯ ನಂತರದ ನಾಲ್ಕನೆಯ ತಿಂಗಳು ಮೂರು, ಎರಡು, ಆಮೇಲೆ ಹಾಲಿನ ಲೆಕ್ಕ ಮಾತ್ರ.